ತಿರುಗಿಸಿದ ಎಡೆ

ಸತ್ತವರಿಗೆ ಅಡಿಗೆ ಮಾಡುವುದು ನಮ್ಮ ವ್ಯಾಪಾರ. ಹೀಗೆಂದರೆ ಹೊಸಬರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಆದರೆ ಕೊರಿಯಾದ ಸಮ್‌ಚೊನ್‌ಪೋ ಬಂದರಿನ ಪೇಟೆಯಲ್ಲಿ ಇದಕ್ಕಿಂತ ಮರ್ಯಾದೆಯ ಕಸುಬು ಇನ್ನೊಂದಿಲ್ಲ. ಯಾರ ಮನೆಯಲ್ಲಿ ತಿಥಿ ಬಂದರೂ ನಮ್ಮಲ್ಲಿ ಹೇಳಿಹೋಗುತ್ತಾರೆ. ಮೊಟ್ಟೆಯಲ್ಲಿ ಅದ್ದಿ ಹೆಂಚಿನ ಮೇಲೆ ಬೇಯಿಸಿದ ಮೀನಿನ ಜೊನ್, ಹಬೆಯಲ್ಲಿ ಬೆಂದ ಇಡೀ ಮೀನು, ಬೇರು ಸೊಪ್ಪುಗಳ ಪಲ್ಯ, ಸಾರು, ಹಣ್ಣು, ಎಲ್ಲವನ್ನೂ ಡಬ್ಬಿಗೆ ತುಂಬಿ ಕಳಿಸುತ್ತೇವೆ. ಅವರು ಮನೆಯಲ್ಲಿ ಎಡೆ ಇಟ್ಟು ಅಡ್ಡಬೀಳುತ್ತಾರೆ. ಅಂಗಡಿಗೆ ನನ್ನ ಅತ್ತೆಯದೇ ಹೆಸರು, ಪಿಲ್‌ನಾಮ್ ಎಡೆ ಅಡಿಗೆ.

ತೊಂದರೆ ಏನಾಯಿತೆಂದರೆ, ನಮ್ಮ ಗಿರಾಕಿಗಳೇ ಒಬ್ಬೊಬ್ಬರಾಗಿ ಎಡೆಯ ಆ ಕಡೆಗೆ ಹೋಗಿ ಕುಳಿತರು. ಅವರ ಮಕ್ಕಳು ಪೇಟೆಗೆ ಬರುವವರಲ್ಲ. ಫೋನಿನಲ್ಲಿ ಬೆರಳಾಡಿಸಿ ಜಿಂಜು ನಗರದ ದೊಡ್ಡ ಕಾರ್ಖಾನೆ ಅಡಿಗೆಮನೆಯೊಂದರಿಂದ ತರಿಸುತ್ತಾರೆ. ಅಲ್ಲಿ ಜೊನ್ ಮಾಡುವುದು ಯಂತ್ರ. ಎದುರು ಸಾಲಿನ ಕಾಫಿ ಅಂಗಡಿಯವನು ಆಗಾಗ ಬಂದು ನಮ್ಮ ಗೋಡೆಗಳನ್ನು ಕಣ್ಣಲ್ಲೇ ಅಳೆದುಕೊಂಡು ಹೋಗಲು ಶುರುಮಾಡಿದ. ಮದುವೆಯಾಗಿ ಬಂದಾಗಿನಿಂದ ಆ ಹೆಂಚಿನ ಮುಂದೆ ಬೆಂದವಳು ನಾನು. ನನಗೆ ಬೇರೆ ಕೆಲಸ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಅದಕ್ಕೇ ಅತ್ತೆಯ ಬೆನ್ನು ಬಿದ್ದೆ, ನಮಗೂ ಒಂದು ವೆಬ್‌ಸೈಟ್ ಬೇಕು ಎಂದು.

ಅತ್ತೆ ಬಹಳ ದಿನ ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಗೊಂದು ದಿನ ಮೂಲಂಗಿ ಹೆಚ್ಚುತ್ತಾ, ತಲೆ ಎತ್ತದೆಯೇ ಹೇಳಿದರು. "ಮಾಡ್ಕೋ ಹಾರಂ ಅಮ್ಮ. ಆದ್ರೆ ಅದರ ಮೇಲೆ ನನ್ನ ಹೆಸರು ಇರತ್ತೆ. ಯಾರಾದ್ರೂ ಒಬ್ರು ಬಂದು ಪಿಲ್‌ನಾಮ್ ನಮ್ಮನೆ ಎಡೆ ಕೆಡಿಸಿದ್ಲು ಅಂದ್ರೆ ಅವತ್ತೇ ಮುಚ್ತೀಯ. ಅಂಗಡಿನೂ ಆ ಕಾಫಿಯವ್ನಿಗೆ ಬರ್‌ಕೊಟ್ಟು ನಾನು ಮನೇಲಿ ಕೂರ್ತೀನಿ. ಇಷ್ಟು ವರ್ಷ ಒಬ್ರ ಬಾಯಲ್ಲೂ ಒಂದು ಮಾತು ಬಂದಿಲ್ಲ. ಈಗ ಬರಬಾರ್ದು."

ಹಾರಂ ನನ್ನ ಮಗಳು. ಅವಳು ಹುಟ್ಟಿದ ದಿನದಿಂದ ಅತ್ತೆಯ ಬಾಯಲ್ಲಿ ನನಗೆ ಬೇರೆ ಹೆಸರಿಲ್ಲ.

ವೆಬ್‌ಸೈಟ್ ಕಟ್ಟುವುದು ಕಷ್ಟವಾಗಲಿಲ್ಲ. ಪುರಸಭೆಯಲ್ಲಿ ಅಂಗಡಿಯವರಿಗೆಂದು ತರಗತಿ ಇಟ್ಟಿದ್ದರು, ಹೋಗಿ ಕಲಿತೆ. ಅವರು ಕೊಟ್ಟ ಸಿದ್ಧ ಮಾದರಿಯಲ್ಲಿ ಎಲ್ಲವೂ ಇತ್ತು. ಮೇಲ್ಗಡೆ ಒಂದು ದೊಡ್ಡ ಬೂದು ಚೌಕ, ಅದರೊಳಗೆ "ನಿಮ್ಮ ಚಿತ್ರ ಇಲ್ಲಿ". ಎಡಕ್ಕೆ ಅಂಗಡಿಯ ಹೆಸರು ಬರೆಯುವ ಜಾಗ. ಅಷ್ಟೇ. ಆ ಬೂದು ಚೌಕ ನನ್ನ ಜೀವ ಹಿಂಡಿತು.

ನಿಮಗೆ ಈಗ ಅನ್ನಿಸುತ್ತಿರಬಹುದು, ಮಾಡುವವಳು ನೀನೇ, ಫೋಟೋ ಹಿಡಿಯುವುದಕ್ಕೇನು ರೋಗ ಅಂತ. ಒಂದೊಂದು ತಿನಿಸಿನ ಫೋಟೋ ಹಿಡಿದೆ, ಹಿಡಿಯಲಿಲ್ಲವೆಂದಲ್ಲ. ನಮ್ಮ ನೀಲಿ ಪ್ಲಾಸ್ಟಿಕ್ ಚಪ್ಪರದ ಕೆಳಗೆ ಜೊನ್‌ಗಳಿಗೆಲ್ಲ ವಿಷ ಏರಿದಂತೆ ಕಂಡಿತು. ಹಾಳಾಗಲಿ ಎಂದರೂ ಬೇಕಾದದ್ದು ಇಡೀ ಎಡೆ ಮೇಜಿನ ಚಿತ್ರ. ಈಗಿನ ಎಳೆಯ ದಂಪತಿಗಳಿಗೆ ಯಾವುದನ್ನು ಎಲ್ಲಿಡಬೇಕೆಂದೇ ಗೊತ್ತಿಲ್ಲ. ಡಬ್ಬಿ ಬಿಚ್ಚಿ, ಫೋನಿನ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು, ಅದರಂತೆಯೇ ಜೋಡಿಸುತ್ತಾರೆ. ಚಿತ್ರವೇ ಅವರ ಹಿರಿಯ. ಒಂದು ಎಡೆ ಹಾಕಿಕೊಡಿ, ಫೋಟೋ ತೆಗೆದುಕೊಳ್ಳುತ್ತೇನೆ ಎಂದು ಅತ್ತೆಯನ್ನು ಕೇಳಿದೆ.

"ಯಾರಿಗೆ?" ಎಂದರು ಅತ್ತೆ.

"ಯಾರಿಗೂ ಅಲ್ಲ. ಸುಮ್ನೆ, ಫೋಟೋಗೆ."

"ಯಾರನ್ನೂ ಕರೀದೆ ಎಡೆ ಇಟ್ರೆ ಯಾರು ಬಂದು ಕೂರ್ತಾರೆ ಗೊತ್ತಾ? ಊರಾಚೆ ಅಲೀತಿರೋ ಹಸಿದ ದೆವ್ವಗಳೆಲ್ಲ. ಉಂಡು ಕೈ ತೊಳ್ಕೊಂಡು ಎದ್ದು ಹೋಗ್ತವೆ ಅಂದ್ಕೊಂಡ್ಯಾ?"

"ಹಾಗಾದ್ರೆ ಮಾವನ ತಿಥಿ ದಿನ ಒಂದು ಫೋಟೋ..."

"ನಿಮ್ಮ ಮಾವ ಊಟಕ್ಕೆ ಕೂತಿದ್ದಾಗ ಎದುರಿಗೆ ಹೋಗಿ ಫೋನ್ ಹಿಡೀತೀಯಾ? ಬದುಕಿದ್ದಾಗ್ಲೇ ಅವ್ರಿಗೆ ಉಣ್ಣೋವಾಗ ಯಾರಾದ್ರೂ ನೋಡಿದ್ರೆ ಆಗ್ತಿರ್ಲಿಲ್ಲ."

ಅಲ್ಲಿಗೆ ಆ ದಾರಿ ಮುಚ್ಚಿತು. ಬೇರೆಯವರು ತೆಗೆದ ಚಿತ್ರ ಹುಡುಕಬೇಕು, ಪುಕ್ಕಟೆ ಸಿಗಬೇಕು, ಇಲ್ಲವೇ ಅಗ್ಗಕ್ಕೆ ಸಿಗಬೇಕು.

ಉಚಿತ ಎಂಬ ಪದ ಕೇಳಿದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ಒಂದು ಕಡೆ ಉಚಿತ ಎಂದು ಊರಗಲ ಬರೆದಿರುತ್ತಾರೆ. ಒತ್ತಿದರೆ ಹೆಸರು ಕೊಡು ಎನ್ನುತ್ತದೆ, ಹೆಸರು ಕೊಟ್ಟರೆ ಕಾರ್ಡ್ ನಂಬರ್ ಕೊಡು ಎನ್ನುತ್ತದೆ. ಉಚಿತಕ್ಕೆ ಕಾರ್ಡ್ ಏಕೆ? ಇನ್ನೊಂದು ಕಡೆ ಚಿತ್ರ ನಿಜಕ್ಕೂ ಪುಕ್ಕಟೆ, ಆದರೆ ಮನೆಯಲ್ಲಿಟ್ಟು ನೋಡಿ ಆನಂದಿಸಬೇಕು, ವ್ಯಾಪಾರಕ್ಕೆ ಬಳಸುವಂತಿಲ್ಲ. ಮತ್ತೊಂದು ಕಡೆ ಇಳಿಸಿಕೊಂಡರೆ ಮೀನಿನ ಮೂತಿಯ ಮೇಲೆ ಅಡ್ಡಡ್ಡಲಾಗಿ ಅವರ ಕಂಪನಿಯ ಹೆಸರು. ಅದು ಹೋಗಬೇಕಾದರೆ ತಿಂಗಳ ಚಂದಾ ಕಟ್ಟಬೇಕು, ಕಟ್ಟಿದರೆ ತಿಂಗಳಿಡೀ ಬೇಕಾದಷ್ಟು ಚಿತ್ರ ಕೊಡುತ್ತಾರಂತೆ. ನನಗೆ ಬೇಕಾದದ್ದು ಒಂದೇ ಒಂದು! ಲೋಟ ಹಾಲು ಕೇಳಿದವಳಿಗೆ ಹಟ್ಟಿಯನ್ನೇ ಕೊಂಡುಕೋ ಎಂದ ಹಾಗಾಯಿತು.

ಸಿಕ್ಕ ಚಿತ್ರಗಳೋ, ದೇವರಿಗೇ ಪ್ರೀತಿ. ಎಡೆ ಮೇಜು ಎಂದು ಹುಡುಕಿದರೆ ಚೀನಾದ ಹುರಿದ ಹಂದಿ ಬಂತು, ಜಪಾನಿನ ಪೂಜೆಯ ಗೂಡು ಬಂತು, ಕಣ್ಣು ಕೊರೆದ ಕುಂಬಳಕಾಯಿ ಬಂತು. ಕೊರಿಯಾದ ಊಟ ಎಂದು ಹುಡುಕಿದರೆ ನಡುಮಧ್ಯೆ ಕೆಂಪಗೆ ಉರಿಯುವ ಕಿಮ್ಚಿ. ಯಾವ ಚಿತ್ರ ತೆಗೆದರೂ ಕಿಮ್ಚಿ. ಎಡೆಯಲ್ಲಿ ಮೆಣಸಿನಪುಡಿ, ಬೆಳ್ಳುಳ್ಳಿ ಸೋಕಿದ ಯಾವುದನ್ನೂ ಇಡುವಂತಿಲ್ಲ ಎಂಬುದು ಇಲ್ಲಿ ಹಸುಗೂಸಿಗೂ ಗೊತ್ತು.

"ಕೆಂಪು ಕಂಡ್ರೆ ಸತ್ತೋರು ಬಾಗ್ಲಿಂದ್ಲೇ ಓಡಿಹೋಗ್ತಾರೆ," ಎಂದರು ಅತ್ತೆ, ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ. "ಕಿಮ್ಚಿ ಬದುಕಿರೋರ ಬಾಯಿಗೆ ಮಾತ್ರ."

ನನ್ನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದವಳು ಓಕ್‌ಬುನ್ ಅಕ್ಕ. ಪಕ್ಕದ ಅಂಗಡಿ ಅವಳದು, ಒಣಮೀನಿನ ವ್ಯಾಪಾರ. ಗಿರಾಕಿ ಇಲ್ಲದಾಗ ಬಂದು ನನ್ನ ಲ್ಯಾಪ್‌ಟಾಪಿನಲ್ಲಿ ಸಿನಿಮಾ ನೋಡುವವಳಂತೆ ಕೂತು, ಬಂದ ಚಿತ್ರಕ್ಕೆಲ್ಲ ಕೊಂಕು ತೆಗೆಯುತ್ತಿದ್ದಳು.

"ಈ ಅಜ್ಜಿ ಉಗುರು ನೋಡೇ! ಇವ್ಳು ಜೊನ್ ಕಲಸಿದ್ರೆ ಅರ್ಧ ಹಿಟ್ಟು ಉಗುರಿಗೇ ಹೋಗತ್ತೆ."

"ಸುಮ್ನಿರಕ್ಕ, ತಲೆ ಕೆಟ್ಟೋಗಿದೆ."

"ಕೆಡದೇ ಇರತ್ತಾ? ಬೆಳಿಗ್ಗೆಯಿಂದ ಸತ್ತೋರ ಊಟ ಹುಡುಕ್ತಿದೀಯ. ನಂಗೆ ಬದುಕಿರೋರ ಊಟ ಕೊಡೋ ಯೋಚ್ನೆ ಏನಾದ್ರೂ ಇದ್ಯಾ?"

ಓಕ್‌ಬುನ್ ಅಕ್ಕ ನಗಿಸುವವಳು. ಆದರೆ ಅವಳ ಎದುರು ತಿಥಿಯ ಮಾತು ಬಂದರೆ ಪೇಟೆಯವರೆಲ್ಲ ಬೇಗ ಮಾತು ಬದಲಿಸುತ್ತಿದ್ದರು. ಅವಳ ಗಂಡ ಚಿಲ್‌ಬೊಕ್‌ನ ದೋಣಿ ಒಂದು ಚಳಿಗಾಲ ಹೋದದ್ದು ಬರಲಿಲ್ಲ. ಹಲಗೆಯ ಚೂರು ಕೂಡ ಸಿಗಲಿಲ್ಲ. ತಮ್ಮ ಹಸಿದು ಅಲೆಯುತ್ತಿದ್ದಾನೆ, ಒಂದು ತುತ್ತು ಇಡು ಎಂದು ಚಿಲ್‌ಬೊಕ್‌ನ ಅಣ್ಣ, ಅವಳ ಭಾವ, ವರ್ಷ ವರ್ಷವೂ ಬಂದು ಗೋಗರೆಯುತ್ತಿದ್ದ. ಇವಳು ಆಗ ಒಣಮೀನಿನ ರಾಶಿಯನ್ನು ಸುಮ್ಮಸುಮ್ಮನೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎತ್ತಿಡುತ್ತಿದ್ದಳು. ಎಡೆ ಇಟ್ಟರೆ ಸತ್ತ ಎಂದು ಒಪ್ಪಿಕೊಂಡ ಹಾಗೆ.

ಕೊನೆಗೆ ರೋಸಿಹೋಗಿ ದುಡ್ಡು ಕೊಟ್ಟೇ ಒಂದು ಚಿತ್ರ ಕೊಂಡೆ. ಅಗ್ಗದ್ದೇ, ಎರಡು ತಟ್ಟೆ ಜೊನ್ ಮಾರಿದರೆ ಬರುವಷ್ಟು. ಚೆಂದವಾಗಿತ್ತು. ಹಾಕಿ ಅತ್ತೆಗೆ ತೋರಿಸಿದೆ. ಅತ್ತೆ ಕನ್ನಡಕ ಏರಿಸಿ ಒಂದು ಕ್ಷಣ ನೋಡಿದರು.

"ಪೀಚ್ ಹಣ್ಣು! ಎಡೆ ಮೇಲೆ ಪೀಚ್ ಇಟ್ಟಿದಾರಲ್ಲೇ! ಅದನ್ನ ಕಂಡ್ರೆ ಯಾವ ಆತ್ಮನೂ ಹೊಸ್ತಿಲು ದಾಟಲ್ಲ. ಊಟಕ್ಕೆ ಕರೆದು ಮುಖದ ಮೇಲೆ ಬಾಗ್ಲು ಹಾಕ್ದಂಗೆ."

ಮೈ ಪರಚಿಕೊಳ್ಳುವಂತಾಯಿತು. ಇನ್ನೊಂದು ಕೊಂಡೆ. ಅದರಲ್ಲಿ ಪೀಚ್ ಇರಲಿಲ್ಲ, ಕಿಮ್ಚಿ ಇರಲಿಲ್ಲ, ಯಾವ ಕುಂದೂ ಇರಲಿಲ್ಲ. ಮೂರು ದಿನ ಎದೆಯುಬ್ಬಿಸಿ ಓಡಾಡಿದೆ. ಆಮೇಲೆ ಹಾರಂ ಬಂದು ಫೋನು ತೋರಿಸಿದಳು. ಜಿಂಜುವಿನ ಆ ಕಾರ್ಖಾನೆ ಅಡಿಗೆಮನೆಯವರ ಮುಖಪುಟದಲ್ಲೂ ಅದೇ ಮೇಜು, ಅದೇ ಮೀನು, ಹಿಂದೆ ನಿಲ್ಲಿಸಿದ ಅದೇ ಮಡಿಕೆ ತೆರೆ. ಕಾಸು ಕೊಟ್ಟವರಿಗೆಲ್ಲ ಅದೇ ಎಡೆ ಮಾರುತ್ತಾರಂತೆ. "ನಮ್ಮ ಅಂಗಡಿಗೆ ಅವ್ರ ಎಂಜಲು ಎಡೆನಾ?" ಎಂದರು ಅತ್ತೆ. ಅಂದು ನಾನು ಹೆಂಚಿನ ಮೇಲೆ ಇಡೀ ಒಂದು ಒಬ್ಬೆ ಜೊನ್ ಸೀಯಿಸಿದೆ.

ಸುಗ್ಗಿಯ ಹಬ್ಬ ಹತ್ತಿರ ಬರುತ್ತಿತ್ತು. ನಮ್ಮ ವರ್ಷದ ವ್ಯಾಪಾರವೆಲ್ಲ ಆ ಹಬ್ಬದಲ್ಲಿ. ಆಗ ಸಿಕ್ಕಿತು ಒಂದು. ಯಾವುದೋ ಬೆಟ್ಟದ ಸೀಮೆಯ ಸಂಸ್ಕೃತಿ ಇಲಾಖೆಯವರು ಹಳೆಯ ಮನೆತನವೊಂದರ ಎಡೆಯ ಚಿತ್ರ ತೆಗೆದು, ಜನ ಬಳಸಲಿ ಎಂದು ಬಿಟ್ಟಿದ್ದರು. ವ್ಯಾಪಾರಕ್ಕೂ ಸರಿ, ಕಾಸಿಲ್ಲ, ಕಾರ್ಡಿಲ್ಲ. ಕೆಳಗೆ ಎರಡೇ ಸಾಲು: ನಮ್ಮ ಹೆಸರು ಹಾಕಿ, ಚಿತ್ರವನ್ನು ಬದಲಾಯಿಸಬೇಡಿ. ಅತ್ತೆ ಫೋನನ್ನು ಕಣ್ಣಿಗೆ ಒತ್ತಿಕೊಳ್ಳುವಷ್ಟು ಹತ್ತಿರ ಹಿಡಿದು ನೋಡಿದರು. ಹುಳುಕು ಹುಡುಕಿದರು. ಸಿಗಲಿಲ್ಲ. "ಯಾರೋ ತಿಳಿದ ಮನೆಯವ್ರು," ಎಂದು ಫೋನು ವಾಪಸು ಕೊಟ್ಟರು. ಆ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು. ಓಕ್‌ಬುನ್ ಅಕ್ಕ ಮಾತ್ರ ಆ ಚಿತ್ರಕ್ಕೆ ಏನೂ ಕೊಂಕು ತೆಗೆಯದೆ ಎದ್ದು ತನ್ನ ಅಂಗಡಿಗೆ ಹೋದಳು.

ಬೂದು ಚೌಕಕ್ಕೆ ಚಿತ್ರ ಹಾಕಿದೆ. ಅತ್ತೆಯ ಹೆಸರು ಸರಿಯಾಗಿ ಬಣ್ಣ ಬಣ್ಣದ ಹಣ್ಣು, ಜೊನ್‌ಗಳ ಮೇಲೆ ಬಂದು ಕುಳಿತಿತು. ಒಂದಕ್ಷರವೂ ಓದಲಾಗದು. ಚಿತ್ರದಲ್ಲಿ ಖಾಲಿ ಗೋಡೆ ಇದ್ದದ್ದು ಬಲಕ್ಕೆ, ಮಾದರಿಯಲ್ಲಿ ಹೆಸರಿನ ಜಾಗ ಎಡಕ್ಕೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹೆಸರನ್ನು ಬಲಕ್ಕೆ ತರಲು ನೋಡಿದೆ, ಮಾದರಿ ಬಗ್ಗಲಿಲ್ಲ. ಅಕ್ಷರದ ಬಣ್ಣ ಬದಲಿಸಿದೆ, ಇನ್ನೂ ಅಸಹ್ಯವಾಯಿತು. ಕೊನೆಗೆ ಸಿಟ್ಟು ಬಂದು ಒಂದು ಗುಂಡಿ ಒತ್ತಿದೆ. ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲವಾಗಿ ಹೊರಳಿತು. ಗೋಡೆ ಎಡಕ್ಕೆ ಬಂತು. ಪಿಲ್‌ನಾಮ್ ಎಡೆ ಅಡಿಗೆ ಎಂಬ ಹೆಸರು ಅದರ ಮೇಲೆ ಮದುವಣಗಿತ್ತಿಯಂತೆ ಕುಳಿತಿತು. ತಿರುಗಿಸುವುದು ಬದಲಾಯಿಸುವುದಾಗುತ್ತದೆಯೇ? ಒಂದು ತಟ್ಟೆ ತೆಗೆದಿಲ್ಲ, ಒಂದು ತಟ್ಟೆ ಸೇರಿಸಿಲ್ಲ. ಹಾಗಂದುಕೊಂಡೆ.

ಹಬ್ಬಕ್ಕೆ ಆರ್ಡರುಗಳು ಬಂದವು. ಬಂದವು ಎಂದರೆ ಕೈ ಸಾಲದಷ್ಟು ಬಂದವು. ಹಬ್ಬದ ಎಡೆಯಲ್ಲಿ ಅನ್ನದ ಬದಲು ಅಕ್ಕಿ ಕಡುಬು ಇಡುತ್ತಾರೆ, ಹಣ್ಣಿನ ಸಾಲಂತೂ ಮನೆಗೊಂದು ಪದ್ಧತಿ. ಯಾರೂ ಏನೂ ಅನ್ನಲಿಲ್ಲ. ಕಾಫಿಯವನು ಗೋಡೆ ನೋಡುವುದನ್ನು ಬಿಟ್ಟ. ಅತ್ತೆ ಬಾಯಿಬಿಟ್ಟು ಹೊಗಳಲಿಲ್ಲ, ಆದರೆ ಪೇಟೆಯವರ ಎದುರು ಫೋನು ತೆಗೆದು ತೋರಿಸುವುದನ್ನು ನಾನು ಕದ್ದು ನೋಡಿದೆ.

ಹಬ್ಬ ಕಳೆದ ಮೇಲೆ ಒಂದು ಆರ್ಡರು ಬಂತು. ಹೆಸರು ಓದಿ ಮತ್ತೊಮ್ಮೆ ಓದಿದೆ. ಓಕ್‌ಬುನ್. ಕೈ ಚಾಚಿದರೆ ಸಿಗುವ ಅಂಗಡಿಯಿಂದ, ಫೋನಿನಲ್ಲಿ. ಚಾಂದ್ರಮಾನದ ಒಂಬತ್ತನೇ ತಿಂಗಳ ಒಂಬತ್ತನೇ ದಿನಕ್ಕೆ, ಅಂದರೆ ಸತ್ತ ದಿನ ಗೊತ್ತಿಲ್ಲದವರಿಗೆ ಎಡೆ ಇಡುವ ದಿನಕ್ಕೆ. ಕೆಳಗೆ ಬರೆದಿದ್ದಳು, ಬಾಯಿಬಿಟ್ಟು ಕೇಳೋಕಾಗಲಿಲ್ಲ, ಚಿತ್ರದಲ್ಲಿ ಇರೋದೆಲ್ಲ ಇರಲಿ, ಅದನ್ನ ನೋಡ್ಕೊಂಡೇ ಇಡ್ತೀನಿ ಎಂದು. ಅತ್ತೆಗೆ ತೋರಿಸಿದೆ. ಅತ್ತೆ ಗೋಡೆಯ ಆಚೆ ಒಣಮೀನು ತೂಗುವ ಸದ್ದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆ ಅಡಿಗೆಯನ್ನು ನನಗೆ ಮುಟ್ಟಲು ಬಿಡಲಿಲ್ಲ, ಪೂರ್ತಿ ಅವರೇ ಮಾಡಿದರು.

ಮಾರನೆಯ ಬೆಳಿಗ್ಗೆ ಅಂಗಡಿ ತೆರೆಯುವಷ್ಟರಲ್ಲಿ ಅವಳ ಭಾವ ಬಂದ. ದೂರದಿಂದಲೇ ಕೂಗಿಕೊಂಡು ಬಂದ.

"ಎಲ್ಲಿ ಪಿಲ್‌ನಾಮ್? ಏನಮ್ಮ ಇದು! ನಾಕು ಕಾಸಿಗೆ ಇಂಥ ಕೆಲ್ಸ ಮಾಡ್ತೀರಾ?"

ಮೀನು ಹೆಚ್ಚುವವರ ಕತ್ತಿಗಳು ನಿಂತವು. ಅವನು ಫೋನನ್ನು ಅತ್ತೆಯ ಮುಖಕ್ಕೆ ಹಿಡಿದ. ನಮ್ಮ ವೆಬ್‌ಸೈಟು.

"ನೋಡಿ ಅನ್ನ ಎಲ್ಲಿದೆ, ಸಾರು ಎಲ್ಲಿದೆ! ನಾನು ಅಡ್ಡಬಿದ್ದು ಎದ್ದು ನೋಡ್ತೀನಿ, ಉಣ್ಣೋನ ಎಡಕ್ಕೆ ಅನ್ನ, ಬಲಕ್ಕೆ ಸಾರು! ಇದು ಸತ್ತೋನಿಗೆ ಇಟ್ಟ ಎಡೆನಾ, ಮೀನು ಹಿಡಿದು ಮನೆಗೆ ಬಂದೋನಿಗೆ ಬಡಿಸಿದ ಊಟನಾ? ಇಷ್ಟು ವರ್ಷ ಆದ್ಮೇಲೆ ನನ್ನ ತಮ್ಮಂಗೆ ಒಂದು ಹೊತ್ತು ಊಟ ಸಿಕ್ತು ಅಂದ್ಕೊಂಡ್ರೆ, ಅದೂ ಅವ್ನ ಕೈಗೆ ಸಿಗದೇ ಇರೋ ಹಾಗೆ ಮಾಡಿದ್ರಲ್ಲ!"

ಕೂಗುತ್ತಾ ಕೂಗುತ್ತಾ ಅವನ ದನಿ ಒಡೆಯಿತು. ನಾನು ಫೋನಿನ ಕಡೆ ಬಗ್ಗಿ ನೋಡಿದೆ. ಬದುಕಿರುವವರಿಗೆ ಎಡಕ್ಕೆ ಅನ್ನ, ಬಲಕ್ಕೆ ಸಾರು. ಸತ್ತವರಿಗೆ ಅದಲುಬದಲು. ಇದು ನನಗೆ ಗೊತ್ತಿಲ್ಲವೇ? ಮಗುವಾಗಿದ್ದಾಗ ಬಟ್ಟಲು ತಪ್ಪಾಗಿ ಇಟ್ಟು ಅಮ್ಮನ ಕೈಯಲ್ಲಿ ಏಟು ತಿಂದವಳು ನಾನು. ಅಷ್ಟು ದಿನ ಆ ಚಿತ್ರವನ್ನು ದಿಟ್ಟಿಸಿದರೂ ನನ್ನ ಕಣ್ಣು ಇದ್ದದ್ದು ಖಾಲಿ ಗೋಡೆಯ ಮೇಲೆ, ಮೇಜಿನ ಮೇಲಲ್ಲ.

ಅತ್ತೆ ಕೈ ಒರೆಸಿಕೊಂಡು ಫೋನು ಇಸಿದುಕೊಂಡರು. ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅವತ್ತು ತೋರಿಸ್ದಾಗ ಹಿಂಗಿರ್ಲಿಲ್ಲ. ಯಾರು ತಿರುಗಿಸಿದ್ದು?"

"ನಾನು ಅತ್ತೆ. ಹೆಸರು ಬರೆಯೋಕೆ ಜಾಗ ಇರ್ಲಿಲ್ಲ."

"ಯಾರ ಹೆಸರು?"

"ನಿಮ್ದು."

ಬೈದಿದ್ದರೆ ಚೆನ್ನಾಗಿತ್ತು. ಅತ್ತೆ ಪೇಟೆಯವರೆಲ್ಲರ ಎದುರು ಸೊಂಟ ಬಗ್ಗಿಸಿ ಆ ಮನುಷ್ಯನಿಗೆ ಕೈಮುಗಿದರು. ತಪ್ಪಾಯಿತು ಎಂದರು. ಆ ಬೆನ್ನು ಅಷ್ಟು ಬಗ್ಗಿದ್ದನ್ನು ನಾನು ಎಂದೂ ನೋಡಿರಲಿಲ್ಲ. ನೆಟ್ಟಗಾಗಿ, ಏಪ್ರನ್ನಿನ ಗಂಟು ಬಿಚ್ಚುತ್ತಾ ನನಗೆ ಹೇಳಿದರು, "ಮುಚ್ಚು ಅದನ್ನ. ಕಾಫಿಯವ್ನನ್ನ ಕರಿ."

"ಯಾಕೆ ಮುಚ್ಬೇಕು?"

ಓಕ್‌ಬುನ್ ಅಕ್ಕ. ಯಾವಾಗ ಬಂದಳೋ, ತನ್ನ ಅಂಗಡಿಯ ಅರ್ಧ ಎತ್ತಿದ ಬಾಗಿಲ ಕೆಳಗೆ ನಿಂತಿದ್ದಳು.

"ಭಾವ, ಕೂಗ್ಬೇಡಿ. ಅವ್ರದ್ದೇನೂ ತಪ್ಪಿಲ್ಲ. ನಾನೇ ಹಂಗೆ ಬೇಕು ಅಂತ ಕೇಳಿದ್ದೆ, ನಂಗೋಸ್ಕರ ತಿರುಗಿಸಿದ್ರು."

"ನೀನಾ? ಯಾಕೆ?"

"ಬಟ್ಟಲು ಇಡೋವಾಗ ನಂಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ರಾ? ಕೈಗೇ ಗೊತ್ತು. ನಮ್ಮನೆಯವ್ರಿಗೆ ಹಂಗೇ ತಾನೆ ದಿನಾ ಬಡಿಸ್ತಿದ್ದಿದ್ದು." ಅವಳು ಬಾಗಿಲನ್ನು ಪೂರ್ತಿ ಮೇಲಕ್ಕೆ ತಳ್ಳಿದಳು, ದಡಾರನೆ ಸದ್ದಾಯಿತು. "ಸತ್ತಿದ್ರೆ, ಸಾರು ಆ ಕಡೆ ಈ ಕಡೆ ಆಯ್ತು ಅಂತ ಸಿಟ್ಟು ಮಾಡ್ಕೊಂಡು ಎದ್ದು ಹೋಗೋ ಮನುಷ್ಯ ಅಲ್ಲ. ಬದುಕಿದ್ರೆ, ಎಲ್ಲಾದ್ರೂ ಒಂದ್ಕಡೆ ಯಾರಾದ್ರೂ ಅವ್ರಿಗೆ ಹಿಂಗೇ ಬಡಿಸ್ತಿರ್ಲಿ. ನೀವು ಇಡು ಅಂದ್ರಿ, ಇಟ್ಟೆ. ಹೆಂಗೆ ಇಡ್ಬೇಕು ಅನ್ನೋದು ನಂಗೆ ಬಿಡಿ."

ಮೀನು ಹೆಚ್ಚುವ ಹೆಂಗಸೊಬ್ಬಳು ಭಾವನಿಗೆ ಕೂರಲು ಸ್ಟೂಲು ಕೊಟ್ಟಳು. ಅವನು ಕೂತು ಮುಖ ಒರೆಸಿಕೊಂಡ. ತಮ್ಮನನ್ನು ಕಳೆದುಕೊಂಡವನು ಅವನೂ ತಾನೆ. ಅಕ್ಕ ಅವನ ಕೈಗೊಂದು ಲೋಟ ಬಾರ್ಲಿ ನೀರು ಕೊಟ್ಟು, ಏನೂ ಆಗದವಳಂತೆ ಒಣಮೀನು ಹರಡತೊಡಗಿದಳು.

ಅತ್ತೆ ಬಿಚ್ಚಿದ ಏಪ್ರನ್ನನ್ನು ಕೈಯಲ್ಲಿ ಮಡಿಸುತ್ತಾ ಅಕ್ಕನನ್ನೇ ನೋಡಿದರು. ಅಕ್ಕ ಹೇಳಿದ್ದು ಸುಳ್ಳು ಎಂದು ಅವರಿಗೂ ಗೊತ್ತು, ನನಗೂ ಗೊತ್ತು, ಬಹುಶಃ ಆ ಸ್ಟೂಲಿನ ಮೇಲಿದ್ದವನಿಗೂ ಗೊತ್ತು. ಕೊನೆಗೆ ಏಪ್ರನ್ನನ್ನು ಮತ್ತೆ ಕಟ್ಟಿಕೊಂಡರು.

"ಚಿತ್ರ ಸರಿ ಮಾಡು," ಎಂದರು. "ನನ್ನ ಹೆಸರು ಕಾಣದೇ ಹೋದ್ರೂ ಪರ್ವಾಗಿಲ್ಲ."

ಸರಿ ಮಾಡಿದೆ. ಆ ಗುಂಡಿಯನ್ನು ಇನ್ನೊಮ್ಮೆ ಒತ್ತಿದೆ, ಅಷ್ಟೇ. ಅತ್ತೆಯ ಹೆಸರು ಇವತ್ತಿಗೂ ಹಣ್ಣುಗಳ ಮೇಲೆ ಬಿದ್ದುಕೊಂಡಿದೆ. ಓದಲು ಕಣ್ಣು ಕಿರಿದು ಮಾಡಬೇಕು. ನೋಡಿದಾಗಲೆಲ್ಲ ನನಗೆ ರೇಗುತ್ತದೆ. ಆರ್ಡರುಗಳು ಮಾತ್ರ ಬರುತ್ತಲೇ ಇವೆ.

ಅದೇ ಸಂಜೆ ಅಕ್ಕ ಬಂದು ಮೆಲ್ಲಗೆ ಹೇಳಿದಳು, "ಆ ತಿರುಗಿದ ಚಿತ್ರ ನನ್ನ ಫೋನಲ್ಲಿ ಇಟ್ಕೊಂಡಿದೀನಿ. ಬೈಬೇಡ."

ಮರುವರ್ಷ ಒಂಬತ್ತನೇ ತಿಂಗಳಲ್ಲಿ ಮತ್ತೆ ಅವಳ ಆರ್ಡರು ಬಂತು. ಈ ಸಲ ಕೆಳಗೆ, ಹೋದ ಸಲದ ಹಾಗೇ ಎಂದಷ್ಟೇ ಇತ್ತು. ಅತ್ತೆ ಈ ಸಲವೂ ನನ್ನನ್ನು ಹತ್ತಿರ ಸೇರಿಸಲಿಲ್ಲ. ಮೀನು, ಜೊನ್, ಪಲ್ಯ, ಸಾರು, ಹಣ್ಣು ಒಂದೊಂದಾಗಿ ಡಬ್ಬಿ ಸೇರಿದವು. ಮುಚ್ಚಳ ಹಾಕಲು ನಾನು ಬಗ್ಗಿದಾಗ ಅತ್ತೆ ಒಳಗಿನಿಂದ ಇನ್ನೊಂದು ಚಿಕ್ಕ ಡಬ್ಬಿ ತಂದು ಮೂಲೆಯಲ್ಲಿ ಒತ್ತಿ ಇಟ್ಟರು. ಒಳಗೆ ನಮ್ಮ ಮನೆಯ ಕಿಮ್ಚಿ, ಬೆಳ್ಳುಳ್ಳಿ ಜಜ್ಜಿ ಹಾಕಿದ್ದು, ಕೆಂಪಗೆ ಉರಿಯುವಂಥದ್ದು.

"ಅತ್ತೆ," ಎಂದೆ. "ಇದಕ್ಕೆ ಮೆಣಸಿನಪುಡಿ ಬಿದ್ದಿದೆ."

"ನಾನೇ ಹಾಕಿದ್ದು, ನಂಗೆ ಗೊತ್ತಿಲ್ವಾ? ಖಾರ ಇಲ್ದೆ ಚಿಲ್‌ಬೊಕ್‌ಗೆ ಊಟ ಸೇರಲ್ಲ," ಎಂದರು ಅತ್ತೆ. "ಬೇಗ ಕಟ್ಟಿ ಕೊಟ್ಟು ಬಾ. ಸಾರು ಆರಿಹೋಗತ್ತೆ."